ಖಾಲಿ ಬಿಲ್ಲೆಯ ತೂಕ

ಸುಮ್ಮನೆ ಹೋಗಿ ಸುಮ್ಮನೆ ಬರುವುದೇ ಆ ಬಿಲ್ಲೆಯ ಕೆಲಸ. ಬೆಳಗಾವಿಯಿಂದ ಬಸ್ಸಿನಲ್ಲಿ ಖಾನಾಪುರಕ್ಕೆ ಹೋಗಬೇಕು, ಮಾಳಿಗೆಯ ಮೇಲಿನ ಯಂತ್ರದೊಳಗೆ ಹತ್ತು ನಿಮಿಷ ಕೂರಬೇಕು, ಮತ್ತೆ ಡಬ್ಬಿ ಸೇರಿ ವಾಪಸು ಬರಬೇಕು. ಆ ಹತ್ತು ನಿಮಿಷವೂ ಯಂತ್ರ ಬಂದ್ ಇರಬೇಕು, ಒಂದು ಗುಟುಕು ಗಾಳಿಯನ್ನೂ ಎಳೆಯಬಾರದು. ಹೋಗುವಾಗ ಎಷ್ಟು ತೂಕವೋ ಬರುವಾಗಲೂ ಅಷ್ಟೇ ತೂಕ. ಇಷ್ಟು ಸುಖದ ನೌಕರಿ ಸರಕಾರದಲ್ಲೂ ಸಿಗಲಿಕ್ಕಿಲ್ಲ. ಆದರೆ ಎರಡು ಬೆರಳಗಲದ ಆ ಬಿಳಿ ಬಿಲ್ಲೆ ನಾಲ್ಕಕ್ಕೆ ನಾಲ್ಕು ಸಲವೂ ಭಾರವಾಗಿ ತಿರುಗಿ ಬಂದಿತ್ತು, ಅದೂ ಪ್ರತಿ ಸಲ ಹಿಂದಿನ ಸಲಕ್ಕಿಂತ ಹೆಚ್ಚು ಭಾರವಾಗಿ. ಕಣ್ಣಿಗೆ ಮಾತ್ರ ಹಾಲಿನಷ್ಟು ಬೆಳ್ಳಗೆ ಕಾಣುತ್ತಿತ್ತು. ತಕ್ಕಡಿಗಷ್ಟೇ ಗೊತ್ತಾಗುವ ಭಾರ ಅದು.

ಬಿಲ್ಲೆ ಎಂದರೆ ಫಿಲ್ಟರ್. ಬೆಳಗಾವಿಯ ಗಾಳಿಯಲ್ಲಿ ತೇಲುತ್ತ ಜನರ ಎದೆಯೊಳಗೆ ಇಳಿಯುವ ಸಣ್ಣ ಧೂಳು ಎಲ್ಲೆಲ್ಲಿಂದ ಬರುತ್ತದೆಂದು ಪತ್ತೆ ಹಚ್ಚಲು ಒಂದು ಎಂಜಿನಿಯರಿಂಗ್ ಕಾಲೇಜಿನವರು ಹೊರಟಿದ್ದರು. ನಗರದ ಮೂರು ಮಾಳಿಗೆಗಳ ಮೇಲೆ ಮೂರು ಯಂತ್ರ ಇಟ್ಟಿದ್ದರು. ಅವು ಒಂದು ಹಗಲು ಒಂದು ರಾತ್ರಿ ಗಾಳಿ ಎಳೆದು ಬಿಲ್ಲೆಯ ಮೇಲೆ ಧೂಳು ಕೂರಿಸುತ್ತಿದ್ದವು. ಕಾಡಿನ ಕಡೆಯ ಚೊಕ್ಕ ಗಾಳಿಯೂ ಹೋಲಿಕೆಗೆ ಬೇಕೆಂದು ನಾಲ್ಕನೆಯದನ್ನು ಖಾನಾಪುರದಲ್ಲಿ ಇಟ್ಟಿದ್ದರು. ಕಟ್ಟಿಗೆಯ ಹೊಗೆ, ಲಾರಿಯ ಹೊಗೆ, ಇಟ್ಟಿಗೆ ಭಟ್ಟಿಯ ಬೂದಿ, ಕಬ್ಬಿಣ ಎರಕ ಹೊಯ್ಯುವ ಫೌಂಡ್ರಿಯ ಉಸುಕು, ಒಂದೊಂದು ಧೂಳಿಗೂ ಅದರದೇ ಜಾತಕವಿರುತ್ತದೆ. ಅದರಲ್ಲಿ ಯಾವ ಲೋಹ ಎಷ್ಟಿದೆ ಎಂದು ಅಳೆದರೆ ತವರುಮನೆ ಯಾವುದೆಂದು ತಿಳಿಯುತ್ತದೆ. ಖಾಲಿ ಬಿಲ್ಲೆ ಕಳಿಸುವುದು ಕೆಲಸದವರ ಮೇಲಿನ ಕಾವಲಿಗೆ. ಅದರ ತೂಕ ಏರಿತೆಂದರೆ ಧೂಳು ಗಾಳಿಯದಲ್ಲ, ಬಿಲ್ಲೆ ಮುಟ್ಟಿದವರದು ಎಂದು ಅರ್ಥ.

ನಗರದ ಮೂರು ಯಂತ್ರಗಳನ್ನು ನೋಡಿಕೊಳ್ಳುವವನು ಬೀರೇಶ. ಮಿರ್ಚಿ ತಿಂದ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಕೆಲಸಕ್ಕೆ ನಿಲ್ಲುವ ಆಸಾಮಿ. ಅವನ ಖಾಲಿ ಬಿಲ್ಲೆಗಳು ಖಾಲಿಯಾಗಿಯೇ ಬರುತ್ತಿದ್ದವು. ಖಾನಾಪುರ ತ್ರಿವೇಣಿಯ ಪಾಲಿಗೆ ಬಂದಿತ್ತು. ಚಿಮಟಿಗೆಯನ್ನು ಎರಡು ಸಲ ಸ್ಪಿರಿಟ್ಟಿನಲ್ಲಿ ತೊಳೆದು, ಕೈಗವಸು ಹಾಕಿ, ದೇವರ ಪೂಜೆಗೆ ಕೂತವರ ಹಾಗೆ ಕೆಲಸ ಮಾಡುವ ಹೆಂಗಸು. ಭಾರ ಬರುತ್ತಿದ್ದದ್ದು ಅವಳ ಬಿಲ್ಲೆಗಳಿಗೇ. ನ್ಯಾಯ ಅಂದರೆ ಇದೇ ನೋಡಿ.

ಫೆಬ್ರುವರಿಯ ಒಂದು ಶುಕ್ರವಾರ ಗಜಾನನ ಸರ್ ಅವಳನ್ನು ಕರೆಸಿದರು. ಈ ಅಧ್ಯಯನದ ಹಿರಿಯರು ಅವರೇ. ಮೆತ್ತಗಿನ ಮನುಷ್ಯ, ಆದರೆ ಅಂಕಿಯ ವಿಷಯಕ್ಕೆ ಬಂದರೆ ಹೆತ್ತ ತಾಯಿಯನ್ನೂ ನಂಬುವವರಲ್ಲ.

"ಕುಂದರ್ರಿ ತ್ರಿವೇಣಿಯವರ. ನಿಮ್ಮ ಖಾಲಿ ಬಿಲ್ಲಿ ಮ್ಯಾಲ ಏನ್ ಐತಿ ಅಂತ ವರದಿ ಬಂತು. ಸಣ್ಣ ಸಿಲಿಕಾ, ಕಬ್ಬಿಣ, ಸತು, ಸುಟ್ಟ ಅಂಟು. ಇದು ಫೌಂಡ್ರಿ ಧೂಳು."

"ಸರ್, ಖಾನಾಪುರದಾಗ ಯಂತ್ರ ಇಟ್ಟ ಮನಿ ಹತ್ರ ಫೌಂಡ್ರಿ ಎಲ್ಲಿ ಐತ್ರಿ?"

"ಅದನ್ನಽ ನಾ ಕೇಳಾಕತ್ತೀನಿ. ಇನ್ನೂ ಒಂದ್ ಮಾತ ಐತಿ. ನಾವು ಹೋಲಿಸಿ ನೋಡಾಕ ಇಪ್ಪತ್ತು ಕಡೆ ಧೂಳು ಬಳದು ತಂದು ಇಟ್ಟೀವಲ್ಲ, ಅದರಾಗ ಹನ್ನೊಂದನೇ ಪಾಕೀಟಿಗೆ ಇದು ಅಚ್ಚುಕಟ್ಟ ಕೂಡ್ತದ."

ಹನ್ನೊಂದನೇ ಪಾಕೀಟು ಯಾವುದೆಂದು ತ್ರಿವೇಣಿ ರಜಿಸ್ಟರ್ ನೋಡಬೇಕಾಗಿರಲಿಲ್ಲ. ಬೆಳಗಾವಿಯ ಕಾರ್ಖಾನೆಗಳ ಪ್ರದೇಶ ಉದ್ಯಮಬಾಗದಲ್ಲಿ ಬಾಗಿಲು ಮುಚ್ಚಿದ ಒಂದು ಸಣ್ಣ ಫೌಂಡ್ರಿಯ ತೊಲೆಯ ಮೇಲಿಂದ ಆ ಧೂಳನ್ನು ಬ್ರಷ್ಷಿನಿಂದ ಗುಡಿಸಿ ತಂದವಳು ಅವಳೇ. ಅಲ್ಲಿಗೆ ತಾನೇ ಹೋಗುತ್ತೇನೆಂದು ಹಟ ಹಿಡಿದಿದ್ದಳು. ಅಲ್ಲಿ ಒಲೆ ಆರಿ ಎರಡು ವರ್ಷವಾಗಿತ್ತು. ಅವಳ ಗಂಡ ಯಲ್ಲೇಶ ಸತ್ತೂ ಹೆಚ್ಚು ಕಡಿಮೆ ಅಷ್ಟೇ ಆಗಿತ್ತು.

ಯಲ್ಲೇಶ ಅಲ್ಲಿ ಹನ್ನೊಂದು ವರ್ಷ ಮೋಲ್ಡರ್ ಆಗಿದ್ದ. ಪೆಟ್ಟಿಗೆಯಲ್ಲಿ ಅಂಟು ಕಲಸಿದ ಕಪ್ಪು ಉಸುಕು ತುಂಬಿ, ಬಡಿದು, ಕಾದ ಕಬ್ಬಿಣ ಸುರಿಯಲು ಅಚ್ಚು ಮಾಡುವ ಕೆಲಸ. ಪೆಟ್ಟಿಗೆ ಮುಚ್ಚುವ ಮೊದಲು ಅಚ್ಚಿನ ಮೇಲೆ ಉದುರಿದ ಉಸುಕನ್ನು ಬಾಯಿಂದ ಊದಿ ತೆಗೆಯುವುದು ಅವನ ರೂಢಿ. ಆ ರೂಢಿ ಮನೆಗೂ ಬಂದಿತ್ತು. ಊಟದ ಗಂಗಾಳ, ಚಾಪೆ, ಮಗಳ ಪಾಟಿ, ಯಾವುದನ್ನೂ "ಉಫ್" ಎಂದು ಊದದೆ ಮುಟ್ಟುತ್ತಿರಲಿಲ್ಲ. ಒಮ್ಮೆ ಹೋಳಿ ಹುಣ್ಣಿಮೆಗೆ ಬಿಸಿ ಹೋಳಿಗೆಯ ಮೇಲೂ ಊದಿ, "ನನ್ನ ಹೋಳಿಗ್ಯಾಗ ಧೂಳು ಕಂಡ್ರೇನ?" ಎಂದು ಅವಳಿಂದ ಮಂಗಳಾರತಿ ಮಾಡಿಸಿಕೊಂಡಿದ್ದ. ಸಂಜೆ ಮನೆಗೆ ಬಂದರೆ ಕೈಕಾಲು ತೊಳೆಯುವ ಮೊದಲೇ ಮಗಳು ಕೊರಳಿಗೆ ಜೋತು ಬೀಳುತ್ತಿದ್ದಳು. ಅವನ ಅಂಗಿಯನ್ನು ತ್ರಿವೇಣಿ ಹಿತ್ತಲಲ್ಲಿ ಝಾಡಿಸಿ, ಆಮೇಲೆ ಒಗೆಯುತ್ತಿದ್ದಳು. ಝಾಡಿಸಿದಾಗ ಏಳುವ ಧೂಳು ಸಂಜೆಯ ಬಿಸಿಲಿಗೆ ಮಿನುಗುತ್ತಿತ್ತು. ಚಂದ ಕಾಣುತ್ತಿತ್ತು ಕೂಡ.

ಕೊನೆಯ ವರ್ಷ ಅವನಿಗೆ ಬಾಡಿಗೆ ಮನೆಯ ಮೆಟ್ಟಿಲು ಏರಲಾಗುತ್ತಿರಲಿಲ್ಲ. ಏಳನೆಯ ಮೆಟ್ಟಿಲಿಗೆ ನಿಂತು, ಗೋಡೆ ಹಿಡಿದು, ಕೆಮ್ಮಿ, ಉಸಿರು ಕೂಡಿಸಿಕೊಂಡು ಮತ್ತೆ ಏರುತ್ತಿದ್ದ. ಅವನು ಹೋದ ಮೇಲೆ ಫೌಂಡ್ರಿಯ ಮಾಲೀಕ ಬಂದು ಕೂತು ಚಹಾ ಕುಡಿದು ಹೇಳಿದ್ದು ಒಂದೇ ಮಾತು: "ಅಂವಾ ಖಾನಾಪುರದ ಕಡೆ ಗುಂಜಿಯವ. ಹುಟ್ಟಿದಾಗಿಂದ ಕಾಡಿನ ಕಟ್ಟಿಗಿ ಹೊಗಿ ಕುಡದವ. ಆ ಕಡೆ ಗಾಳಿನಽ ಹಂಗ. ನಮ್ಮ ಧೂಳೇನ್ ಮಾಡ್ತು?" ಗುಂಜಿಯ ಗಾಳಿ ಅಷ್ಟು ಕೆಟ್ಟದಿದ್ದರೆ ಯಲ್ಲೇಶನ ಅಜ್ಜ ತೊಂಬತ್ತರ ತನಕ ಎಮ್ಮೆ ಮೇಯಿಸಿಕೊಂಡು ಹೇಗೆ ಇರುತ್ತಿದ್ದ ಎಂದು ಕೇಳುವ ಬಾಯಿ ಅಂದು ತ್ರಿವೇಣಿಗೆ ಇರಲಿಲ್ಲ. ಅದಕ್ಕೇ ಅವಳು ಈ ನೌಕರಿಗೆ ಸೇರಿದ್ದು. ಖಾನಾಪುರದ ಕಡೆಯ ಗಾಳಿ ಎಂಥದು ಎಂದು ಅಂಕಿ ಹೇಳಲಿ. ಮಾಲೀಕನ ಮಾತಿಗೆ ಎದುರು ಮಾತು ಅದೊಂದೇ.

"ಬರೂ ಮಂಗಳವಾರ ಕಡೇ ಸಲ," ಎಂದರು ಗಜಾನನ ಸರ್. "ಫೋನ್ ಹಚ್ಚಿ ಪೂರ್ತಿ ವಿಡಿಯೋ ಮಾಡಕೊಂಡ ಬರ್ರಿ. ಧೂಳು ಎಲ್ಲಿಂದ ಬಿತ್ತು ಅನ್ನೂದು ಗೊತ್ತಾಗಲಿಲ್ಲಂದ್ರ ಖಾನಾಪುರದ ಒಂದ್ ಅಂಕಿನೂ ನಾ ಇಟ್ಕೊಳ್ಳಾಂಗಿಲ್ಲ. ಎಲ್ಲಾ ಕಸದ ಬುಟ್ಟಿಗೆ."

ತ್ರಿವೇಣಿ ತಲೆಯಾಡಿಸಿ ಹೊರಬಂದಳು. ಮುಚ್ಚಿದ ಫೌಂಡ್ರಿಯ ಧೂಳು ಇಪ್ಪತ್ತಾರು ಕಿಲೋಮೀಟರು ದೂರದ ಮಾಳಿಗೆಯಲ್ಲಿ, ಉಸಿರಾಡದ ಯಂತ್ರದೊಳಗೆ ಬಂದು ಕೂತಿದೆ. ಯಾರ ಸಂಗಡ ಬಂತು ಎಂದು ಯೋಚಿಸಿದಾಗ ಅವಳಿಗೆ ಹೊಳೆದ ಹೆಸರು ಒಂದೇ. ಹೆದರಿಕೆಯಾಯಿತು. ಆ ಹೆದರಿಕೆಯ ಬೆನ್ನಿಗೇ, ನಾಚಿಕೆಯಾಗುವಷ್ಟು ಸಂತೋಷವೂ ಆಯಿತು.

ಆದರೂ ಮಂಗಳವಾರಕ್ಕೆ ಅವಳು ಎಲ್ಲ ಜಾಗ್ರತೆ ಮಾಡಿದಳು. ಇಷ್ಟು ದಿನ ಒಯ್ಯುತ್ತಿದ್ದ ಚೀಲ ಯಲ್ಲೇಶನ ಊಟದ ಚೀಲವಾಗಿತ್ತು. ಅದನ್ನು ಬಿಟ್ಟು ಹೊಸದೊಂದು ತಂದಳು. ಅಂಗಡಿಯಿಂದ ಬಂದ ಮೇಲೆ ಮನೆಯ ಕಪಾಟು ಕಾಣದ ಸೀರೆ ಉಟ್ಟಳು. ತಲೆಗೆ ಎರೆದುಕೊಂಡು ಬಿಗಿಯಾಗಿ ಬಟ್ಟೆ ಕಟ್ಟಿದಳು. ಅವನು ಮುಟ್ಟಿದ ಒಂದು ಎಳೆ ದಾರವೂ ಮೈಮೇಲೆ ಇರದಂತೆ ನೋಡಿಕೊಂಡಳು. ತಾಳಿ ಬಿಚ್ಚಿ ಇಟ್ಟಿದ್ದಂತೂ ಎರಡು ವರ್ಷದ ಹಿಂದೆಯೇ.

ಬಸ್ಸು ಮೂರನೇ ರೈಲ್ವೆ ಗೇಟು ದಾಟಿ ಉದ್ಯಮಬಾಗದ ಮುಂದೆ ಬಂದಾಗ ಮಂಜು ಇನ್ನೂ ಹರಿದಿರಲಿಲ್ಲ. ಫೌಂಡ್ರಿಗಳ ಹೊಗೆ ಮಂಜಿಗೆ ಬೆರೆತು ರಸ್ತೆಯ ಮೇಲೆ ಹಳದಿಯಾಗಿ ಮಲಗಿತ್ತು. ತ್ರಿವೇಣಿಯ ಬಾಜು ಸೀಟು ಖಾಲಿ ಇತ್ತು. ಕಂಡಕ್ಟರ್ ಬಂದು ಅವಳ ಆಧಾರ್ ಕಾರ್ಡು ನೋಡಿ, ಹೆಂಗಸರ ಪುಕ್ಕಟೆ ಟಿಕೀಟು ಹರಿದು ಕೊಟ್ಟ. ಕೊಟ್ಟವನು ಮುಂದೆ ಹೋಗದೆ ಅಲ್ಲೇ ನಿಂತ.

"ಗಂಡಸರದು ಒಂದ್ ಟಿಕೀಟ್ ಬಾಕಿ ಐತಿ. ಇಲ್ಲೇ ಕೆಮ್ಮಿದ್ರಲ್ಲ, ಎಲ್ಲಿ ಹ್ವಾದ್ರು?"

"ಇಲ್ಲಿ ಯಾರೂ ಇಲ್ಲರಿ."

ಕಂಡಕ್ಟರ್ ಸೀಟಿನ ಕೆಳಗೂ ಬಗ್ಗಿ ನೋಡಿದ. ಪುಕ್ಕಟೆ ಹೋಗುವ ಗಂಡಸರು ಎಲ್ಲೆಲ್ಲಿ ಅಡಗುತ್ತಾರೆಂದು ಬಲ್ಲ ಅನುಭವಸ್ಥ. ಯಾರೂ ಸಿಗದೆ, ಅವಳ ಮುಖವನ್ನೊಮ್ಮೆ ನೋಡಿ, ಸರಕ್ಕನೆ ಮುಂದಕ್ಕೆ ಸರಿದ. ಅಲ್ಲಿಂದ ಖಾನಾಪುರ ಬರುವವರೆಗೂ ಆ ಸೀಟಿನಲ್ಲಿ ಯಾರೂ ಕೂರಲಿಲ್ಲ. ನಿಂತವರು ನಾಲ್ಕು ಮಂದಿ ಇದ್ದರು.

ಯಂತ್ರ ಇದ್ದದ್ದು ಮಲಪ್ರಭೆಯ ದಂಡೆಗೆ ಹತ್ತಿರ, ಸಿತಾರಾ ಎಂಬ ಮುದುಕಿಯ ಮಾಳಿಗೆಯ ಮೇಲೆ. ಕಣ್ಣಿಗೆ ಪೊರೆ ಬಂದು ಸಿತಾರಾಳಿಗೆ ಬೆಳಕು ನೆರಳಿನ ಹೊರತು ಏನೂ ಕಾಣುತ್ತಿರಲಿಲ್ಲ. ಮೆಟ್ಟಿಲ ಬುಡದಲ್ಲಿ ಹಾಸಿಗೆ ಹಾಕಿಕೊಂಡು, ಬಂದವರನ್ನು ಸಪ್ಪಳದಿಂದಲೇ ಗುರುತಿಸುತ್ತಿದ್ದಳು. ಬೆಕ್ಕು ಬಂದರೂ ಯಾರ ಮನೆಯ ಬೆಕ್ಕೆಂದು ಹೇಳುವ ಕಿವಿ.

"ಆವೋ ಬೇಟಿ. ಇಬ್ಬರೂ ಬಂದ್ರೇನು?"

ತ್ರಿವೇಣಿ ಚೀಲವನ್ನು ಎದೆಗೆ ಅವುಚಿಕೊಂಡಳು. "ಒಬ್ಬಾಕೀನಽ ಬಂದೀನಿ ಚಾಚಿ."

"ಝೂಟ್ ಯಾಕ ಹೇಳ್ತಿ? ಹ್ವಾದ ಸಲಾನೂ ಬಂದಿದ್ದ, ಅದರ ಹಿಂದಿನ ಸಲಾನೂ ಬಂದಿದ್ದ. ಏಳ ಮೆಟ್ಟಲ ಹತ್ತಿ ನಿಂದರ್ತಾನ, ದಮ್ಮು ತಗೋತಾನ, ಕೆಮ್ಮತಾನ. ಪಾಪ, ಭಾಳ ಕೆಮ್ಮು ಐತಿ ಆತಗ. ಚಾ ಕುಡದು ಹೋಗಪ್ಪಾ ಅಂದ್ರ ಮಾತಽ ಆಡೂದಿಲ್ಲ."

ತ್ರಿವೇಣಿ ಮೆಟ್ಟಿಲ ಬುಡದಲ್ಲಿ ಚಪ್ಪಲಿ ಬಿಟ್ಟಳು. ಮೆಟ್ಟಿಲು ಎಣಿಸುತ್ತ ಏರಿದಳು. ಏಳನೆಯದಕ್ಕೆ ಬಂದಾಗ ಕಾಲು ತಾವಾಗಿ ನಿಂತವು. ಹಿಂದೆ ಯಾರಾದರೂ ಇದ್ದಾರೇನೋ ಎಂದು ತಿರುಗಿ ನೋಡಲೆಂದೇ ನಿಂತೆ ಅಂದುಕೊಂಡಳು. ಕೆಳಗೆ ಸಿತಾರಾಳ ಬಿಳಿ ತಲೆ, ಅದರಾಚೆ ತೆರೆದ ಬಾಗಿಲು, ಬಾಗಿಲಲ್ಲಿ ಮಂಜು. ಉಸಿರಿನ ಸಪ್ಪಳ ಮಾತ್ರ ಎಲ್ಲಿಂದಲೋ ಕೇಳುತ್ತಿತ್ತು.

ಮಾಳಿಗೆಯ ಮೇಲೆ ಹೊಳೆಯ ಕಡೆಯಿಂದ ತಣ್ಣನೆಯ ಗಾಳಿ ಬರುತ್ತಿತ್ತು. ಫೋನನ್ನು ಕಟ್ಟೆಯ ಮೇಲೆ ಇಟ್ಟಿಗೆಗೆ ಆನಿಸಿ ವಿಡಿಯೋ ಹಚ್ಚಿದಳು. ಯಂತ್ರ ಬಂದ್ ಮಾಡಿದಳು. ಕೈಗವಸು ಹಾಕಿದಳು, ಚಿಮಟಿಗೆ ತೊಳೆದಳು, ಬಿಲ್ಲೆ ಕೂರುವ ಬಳೆಯನ್ನು ತೆಗೆದಳು, ಡಬ್ಬಿಯಿಂದ ಖಾಲಿ ಬಿಲ್ಲೆಯನ್ನು ಎತ್ತಿ ಅದರ ಮೇಲಿಟ್ಟಳು. ಒಂದೂ ತಪ್ಪಲಿಲ್ಲ. ಎಲ್ಲ ಪಾಠ ಒಪ್ಪಿಸಿದ ಹಾಗೆ ಆಯಿತು.

ಆಗ ಕಿವಿಯ ಹತ್ತಿರವೇ ಕೇಳಿತು: "ಉಫ್."

ಆ ಊದನ್ನು ಅವಳು ಸಾವಿರ ಸಲ ಕೇಳಿದ್ದಳು. ಅದರ ಉದ್ದ ಗೊತ್ತಿತ್ತು, ಕೊನೆಗೆ ತುಟಿ ಮುಚ್ಚುವ ಸಣ್ಣ ಸಪ್ಪಳವೂ ಗೊತ್ತಿತ್ತು. ಅಷ್ಟರಲ್ಲಿ ಕೆಮ್ಮು ಬಂತು. ಬಾವಿಯ ತಳದಿಂದ ಬಂದಂಥ ಒಣ ಕೆಮ್ಮು, ಮೂರು ಸಲ. ಗಕ್ಕನೆ ತಿರುಗಿ ನೋಡಿದರೆ ಒಣಗಲು ಹಾಕಿದ ಮೆಣಸಿನಕಾಯಿ, ನೀರಿನ ಟಾಕಿ, ಮಂಜು. ಬೇರೇನೂ ಇರಲಿಲ್ಲ.

"ಬರಬ್ಯಾಡ್ರಿ," ಎಂದಳು ತ್ರಿವೇಣಿ. "ನಿಮ್ಮ ಕೈ ಮುಗೀತೀನಿ, ಇದೊಂದ್ ಸಲ ದೂರ ನಿಂದರ್ರಿ. ಈ ಅಂಕಿ ನಿಮ್ಮ ಸಲುವಾಗಿನಽ ಐತಿ. ನೀವಽ ಕೆಡಿಸಿದ್ರ ನಾ ಯಾರ ಮುಂದ ಏನ್ ಹೇಳ್ಲಿ?"

ಮುಚ್ಚಳ ಹಾಕಿದಳು. ಹತ್ತು ನಿಮಿಷ ಮುಗಿಯುವವರೆಗೆ ಅವಳು ಕಣ್ಣು ಮಿಟುಕಿಸದೆ ಯಂತ್ರವನ್ನೇ ಕಾದಳು. ಇಳಿದು ಬಂದಾಗ ಸಿತಾರಾ ಮೇಲಕ್ಕೆ ಮುಖ ಮಾಡಿ, "ಆತ ಮ್ಯಾಲೇ ಉಳದನೇನು, ಸಂಗಡಽ ಇಳದನೇನು? ಹೆಜ್ಜಿ ಒಂದಽ ಕೇಳಸ್ತು," ಎಂದಳು. ತ್ರಿವೇಣಿ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡೇ ಬಸ್‌ಸ್ಟ್ಯಾಂಡಿನ ದಾರಿ ಹಿಡಿದಳು.

ಬಿಲ್ಲೆ ಒಂದು ದಿನ ಗಾಜಿನ ಪೆಟ್ಟಿಗೆಯಲ್ಲಿ ಆರಬೇಕು, ತೇವವೆಲ್ಲ ಹೋಗಬೇಕು, ಆಮೇಲೆ ತೂಕ. ಗುರುವಾರ ಹನ್ನೊಂದು ಗಂಟೆಗೆ ತೂಗಿದರು. ಐದೂ ಬಿಲ್ಲೆಗಳಲ್ಲಿ ಅದೇ ಎಲ್ಲಕ್ಕಿಂತ ಭಾರವಾಗಿತ್ತು. ಗಜಾನನ ಸರ್ ಕನ್ನಡಕ ತೆಗೆದು ಒರೆಸಿಕೊಂಡರು. "ವಿಡಿಯೋ ಹಚ್ಚರಿ," ಎಂದರು.

ಬೀರೇಶನೂ ಬಂದು ಹಿಂದೆ ನಿಂತ. ಪರದೆಯ ಮೇಲೆ ಮಾಳಿಗೆ, ಯಂತ್ರ, ತಲೆಗೆ ಬಟ್ಟೆ ಕಟ್ಟಿದ ತ್ರಿವೇಣಿ. ಕೈಗವಸು, ಚಿಮಟಿಗೆ, ಬಳೆ, ಬಿಲ್ಲೆ. ನೋಡುತ್ತಿದ್ದ ತ್ರಿವೇಣಿ ಕುರ್ಚಿಯ ಅಂಚು ಹಿಡಿದು, ಈಗ ಅವನು ಕಾಣುತ್ತಾನೆ ಎಂದು ಕಾದಳು. ಕಂಡರೆ ಚೀರುತ್ತೇನೋ ಅಳುತ್ತೇನೋ ಅವಳಿಗೇ ತಿಳಿಯದು.

ಪರದೆಯ ಮೇಲಿನ ತ್ರಿವೇಣಿ ಬಿಲ್ಲೆಯ ಮೇಲೆ ಬಾಗಿದಳು. ತುಟಿ ಗುಂಡಗೆ ಮಾಡಿದಳು. "ಉಫ್" ಎಂದು ಊದಿದಳು.

"ಅಕ್ಕಾರ, ನೀವಽ ಊದಿದ್ರಲ್ಲರಿ!" ಎಂದು ಬೀರೇಶ ನಕ್ಕುಬಿಟ್ಟ.

ಗಜಾನನ ಸರ್ ಹಿಂದಕ್ಕೆ ಸರಿಸಿ ಮತ್ತೆ ತೋರಿಸಿದರು. ಬಳೆ ತೆಗೆದಾಗ ಒಂದು ಸಲ, ಬಿಲ್ಲೆ ಇಟ್ಟ ಮೇಲೆ ಒಂದು ಸಲ, ಮುಚ್ಚಳ ಹಾಕುವ ಮುಂಚೆ ಒಂದು ಸಲ. ಪೆಟ್ಟಿಗೆ ಮುಚ್ಚುವ ಮೋಲ್ಡರನ ಹಾಗೆಯೇ, ಅದೇ ಉದ್ದ, ಅದೇ ಲಯ. ಹದಿಮೂರು ವರ್ಷ ಒಟ್ಟಿಗೆ ಬಾಳಿದವರಲ್ಲಿ ಒಬ್ಬರ ಮಾತು ಇನ್ನೊಬ್ಬರಿಗೆ ಹತ್ತುವ ಹಾಗೆ ಅವನ ಊದು ಅವಳಿಗೆ ಹತ್ತಿತ್ತು. ಅವಳಿಗೆ ಗೊತ್ತೇ ಇರಲಿಲ್ಲ. ಮುಂದಿನದು ಇನ್ನೂ ವಿಚಿತ್ರ. ಪರದೆಯ ಮೇಲಿನ ತ್ರಿವೇಣಿ ಎದೆ ಹಿಡಿದು, ಭುಜ ಕುಲುಕಿ, ಬಾವಿಯ ತಳದಿಂದ ಬಂದಂತೆ ಮೂರು ಸಲ ಕೆಮ್ಮಿದಳು. ಕೆಮ್ಮಿ, ಆ ಕೆಮ್ಮು ಯಾರದೆಂದು ತಾನೇ ಗಕ್ಕನೆ ತಿರುಗಿ ನೋಡಿದಳು.

"ಹೋತು ಬಿಡ್ರಿ, ಕಾರಣ ಸಿಕ್ತಲ್ಲ," ಎಂದು ಗಜಾನನ ಸರ್ ಪೆನ್ನು ಎತ್ತಿಕೊಂಡರು. ಅವರಿಗೆ ನಿಜಕ್ಕೂ ಹಗುರಾಗಿತ್ತು. "ಊದಿದ್ದಽ ತಪ್ಪು. ಇದೊಂದು ತೂಕ ಕಳದ್ರ ಖಾನಾಪುರದ ಅಂಕಿ ಎಲ್ಲಾ ಉಳೀತಾವು. ಅಲ್ಲಿ ಗಾಳ್ಯಾಗ ಫೌಂಡ್ರಿ ಧೂಳು ಇಲ್ಲಽ ಇಲ್ಲ, ಚೊಕ್ಕ ಐತಿ ಅಂತ ಬರೀಬೌದು. ಬಾಯಾಗಿನ ತೇವ..."

ಪೆನ್ನು ಅಲ್ಲೇ ನಿಂತಿತು. ಬಾಯಿಯ ತೇವ ಗಾಜಿನ ಪೆಟ್ಟಿಗೆಯಲ್ಲಿ ಒಂದು ದಿನಕ್ಕೆ ಆರಿ ಹೋಗುತ್ತದೆ. ಅದನ್ನು ಇಡೀ ತಂಡಕ್ಕೆ ಕಲಿಸಿದವರೇ ಅವರು. ಬೀರೇಶನ ನಗುವೂ ನಿಂತಿತು.

"ಸರ್," ಎಂದಳು ತ್ರಿವೇಣಿ, "ಉಗುಳಿನಾಗ ಕಬ್ಬಿಣ ಇರ್ತದೇನ್ರಿ?"

ಅವರು ತಲೆ ಎತ್ತಲಿಲ್ಲ. "ನಿಮ್ಮ ಯಜಮಾನ್ರು ಆ ಫೌಂಡ್ರ್ಯಾಗ ಇದ್ರಲ್ಲ, ಅವರ ಅಂಗಿ ಯಾರ್ ಒಗೀತಿದ್ರು?" ಎಂದು ಕೇಳಿದರು.

"ನಾನಽ ರೀ. ಹನ್ನೊಂದ್ ವರ್ಷ. ಮೊದಲ ಝಾಡಿಸಿ ಒಗೀತಿದ್ದೆ."

"ನಾಳೆ ಬರಬ್ಯಾಡ್ರಿ. ದವಾಖಾನಿಗೆ ಹೋಗಿ ಎದಿ ಎಕ್ಸ್‌ರೇ ತಗಸ್ರಿ."

ಗೆದ್ದಿದ್ದಳು ತ್ರಿವೇಣಿ. ಗುಂಜಿಯ ಕಡೆಯ ಗಾಳಿ ನಿರ್ದೋಷಿ, ಹನ್ನೊಂದನೇ ಪಾಕೀಟೇ ಅಪರಾಧಿ. ಅದಕ್ಕೆ ಸಾಕ್ಷಿಯಾದ ಧೂಳು ಅವಳ ಎದೆಯೊಳಗೇ ಕೂತಿತ್ತು. ಎರಡು ವರ್ಷ ಬಯಸಿದ್ದು ಕೈಗೆ ಬಂದಾಗ ಅವಳಿಗೆ ಅಳು ಬರಲಿಲ್ಲ, ಸಿಟ್ಟು ಬಂತು. ಮಾಲೀಕನ ಮೇಲೆ, ಮಿನುಗುತ್ತಿದ್ದ ಆ ಧೂಳಿನ ಮೇಲೆ, ಅದನ್ನು ಚಂದ ಎಂದು ನೋಡುತ್ತ ನಿಂತ ತನ್ನ ಮೇಲೆ. ಸತ್ತ ಗಂಡನ ಮೇಲೂ ಬಂತು, ಆದರೆ ಬಹಳ ಹೊತ್ತು ನಿಲ್ಲಲಿಲ್ಲ.

ಸಂಜೆ ಮನೆಗೆ ಬಂದು ರೊಟ್ಟಿ ಬಡಿದಳು. ಹತ್ತು ವರ್ಷದ ಮಗಳು ನಿಖಿತಾ ಸಾಲಿಯಿಂದ ಬಂದು, ಚೀಲ ಮೂಲೆಗೆ ಎಸೆದು, ಊಟಕ್ಕೆ ಕೂತಳು. ಗಂಗಾಳ ಎಳೆದುಕೊಂಡಳು. ದಿನವೂ ಮಾಡುವಂತೆ ಅದರ ಮೇಲೆ ಬಾಗಿದಳು.

"ಉಫ್."

ತ್ರಿವೇಣಿಯ ಕೈಯಲ್ಲಿನ ರೊಟ್ಟಿ ಒಲೆಯ ಕಟ್ಟೆಗೆ ಬಿತ್ತು. ದಿನವೂ ಕೇಳುತ್ತಿದ್ದ ಸಪ್ಪಳ ಅದು. ಕೈಕಾಲು ತೊಳೆಯದ ಅಪ್ಪನ ಕೊರಳಿಗೆ ದಿನವೂ ಜೋತು ಬೀಳುತ್ತಿದ್ದ ಹುಡುಗಿ, ಅವನ ಅಂಗಿಯಲ್ಲಿ ಮುಖ ಹುದುಗಿಸುತ್ತಿದ್ದ ಹುಡುಗಿ.

ಹೊಸ ಚೀಲದಲ್ಲಿ ಡಬ್ಬಿ ಇತ್ತು. ಡಬ್ಬಿಯಲ್ಲಿ ಆರು ಖಾಲಿ ಬಿಲ್ಲೆ ಬಂದಿದ್ದವು, ಖರ್ಚಾದದ್ದು ಐದು. ತ್ರಿವೇಣಿ ಕೈ ತೊಳೆದು, ಒರೆಸಿ, ಚಿಮಟಿಗೆಯಿಂದ ಆರನೆಯದನ್ನು ಎತ್ತಿ ಮಗಳ ಬಾಯಿಯ ಮುಂದೆ ಹಿಡಿದಳು.

"ಇದರ ಮ್ಯಾಲ ಒಂದ್ ಸಲ ಊದ ಮಗಾ."

"ಯಾಕವ್ವಾ? ಇದೇನ ಆಟ?"

"ಹೂಂ. ಆಟನಽ."

ನಿಖಿತಾ ನಗುತ್ತ ಕೆನ್ನೆ ತುಂಬ ಗಾಳಿ ತುಂಬಿಕೊಂಡಳು. ತ್ರಿವೇಣಿ ಉಸಿರು ಹಿಡಿದಳು. ತನ್ನ ಉಸಿರು ಈ ಬಿಲ್ಲೆಗೆ ತಾಕಬಾರದು. ಇಲ್ಲಿ ಮಾತ್ರ ನೀವು ಬಂದಿರಬ್ಯಾಡ್ರಿ, ಎಂದು ಒಳಗೊಳಗೇ ಬೇಡಿಕೊಂಡಳು. ನನ್ನ ಸಂಗಡ ಎಷ್ಟ ಬೇಕಾದ್ರೂ ಇರ್ರಿ, ಇಲ್ಲಿ ಮಾತ್ರ ಬ್ಯಾಡ.

ಮಗಳು ಊದಿದಳು. ತ್ರಿವೇಣಿ ಬಿಲ್ಲೆಯನ್ನು ದೀಪದ ಬೆಳಕಿಗೆ ಹಿಡಿದು ಹೊರಳಿಸಿ ಹೊರಳಿಸಿ ನೋಡಿದಳು. ಹಾಲಿನಷ್ಟು ಬೆಳ್ಳಗಿತ್ತು. ಖಾನಾಪುರದಿಂದ ಬಂದ ಐದೂ ಅಷ್ಟೇ ಬೆಳ್ಳಗಿದ್ದವು.